ಮೀಸೆ ಅವರದ್ದು, ಬಸ್ಸು ನಮ್ಮದು

ಬೆಂಗಳೂರಿನಲ್ಲಿ ಎಂಟು ಜನರ ಪುಟ್ಟ ಗೇಮ್ ಕಂಪನಿ ನಮ್ಮದು. ಮೊದಲ ಎರಡು ವರ್ಷ ಬೇರೆಯವರ ಗೇಮ್‌ಗಳಿಗೆ ಚಿತ್ರ ಬರೆದುಕೊಟ್ಟೇ ಸಂಬಳ ಹೊಂದಿಸಿದೆವು. ಆಮೇಲೆ ಒಂದು ಸಿನಿಮಾದವರು ಕರೆದರು. ಹೀರೋ ಬಸ್ ಓಡಿಸುವ ಚೇಸ್ ಸೀನ್ ಇದೆ, ಅದನ್ನೇ ಮೊಬೈಲ್ ಗೇಮ್ ಮಾಡಿ ಅಂದರು. ಪೋಸ್ಟರ್ ಆಗಲೇ ಊರೆಲ್ಲ ಬಿದ್ದಿತ್ತು. ಪ್ರಚಾರದ ಖರ್ಚೇ ಇಲ್ಲ ಅಂತ ಕುಣಿದಾಡಿದೆವು.

ಆದರೆ ಸಿನಿಮಾ ಬಳಸುವ ಲೈಸೆನ್ಸ್‌ಗೆ ದುಡ್ಡು ಕೊಡಬೇಕಾದವರು ನಾವು. ಮೊದಲು ಮಿನಿಮಮ್ ಗ್ಯಾರಂಟಿ ಅಂತ ಒಂದು ಮೊತ್ತ ಕಟ್ಟಬೇಕು. ಗೇಮ್ ಓಡಲಿ ಬಿಡಲಿ, ಅದು ವಾಪಸ್ ಬರುವುದಿಲ್ಲ. ರಾಯಲ್ಟಿ, ಅಂದರೆ ಗಳಿಕೆಯಲ್ಲಿ ಅವರ ಪಾಲು, ಆ ಮೊತ್ತ ದಾಟಿದರೆ ಮತ್ತೆ ಕೊಡಬೇಕು. ಲೈಸೆನ್ಸ್ 18 ತಿಂಗಳು. ಸಿನಿಮಾ ಹೆಸರು ನಿರ್ಮಾಪಕರದ್ದು, ಹಾಡು ಆಡಿಯೊ ಕಂಪನಿಯದ್ದು, ಮುಖಕ್ಕೆ ಹೀರೋನೇ ಒಪ್ಪಬೇಕು. ಮೂರು ಬಾಗಿಲು ತಟ್ಟಬೇಕು ಅನ್ನುವುದು ನಮಗೆ ಗೊತ್ತಾಗಿದ್ದು ಸಹಿ ಹಾಕಿದ ಮೇಲೆ. ಹಾಡಿನ ರೇಟ್ ಕೇಳಿ ಸುಮ್ನೆ ಎದ್ದು ಬಂದೆವು. ನಮ್ಮ ಹುಡುಗನೊಬ್ಬ ಕೀಬೋರ್ಡಿನಲ್ಲಿ ನುಡಿಸಿದ ಟ್ಯೂನೇ ಗತಿಯಾಯಿತು.

ನಮ್ಮನ್ನು ನಿಜವಾಗಿ ಸುಸ್ತು ಮಾಡಿದ್ದು ಮೀಸೆ. ಪ್ರತಿ ಚಿತ್ರಕ್ಕೂ ಹೀರೋ ಕಡೆಯವರ ಒಪ್ಪಿಗೆ ಬೇಕಿತ್ತು. ‘ಬಾಸ್ ಮೀಸೆ ಇಷ್ಟು ತೆಳ್ಳಗಿಲ್ಲ’ ಅಂತ ಒಂದು ಸಲ ವಾಪಸ್. ದಪ್ಪ ಮಾಡಿದರೆ, ‘ಮುಂದಿನ ಪಿಕ್ಚರ್‌ಗೆ ಟ್ರಿಮ್ ಮಾಡಿದ್ದಾರೆ, ಹಾಗೇ ಇರಲಿ.’ ಹನ್ನೊಂದು ಸಲ ಬರೆದೆವು. ಫೋನಿನಲ್ಲಿ ಆ ಮೀಸೆ ಜೀರಿಗೆ ಕಾಳಿನಷ್ಟು ಕಾಣುತ್ತಿತ್ತು!

ರಿಲೀಸ್ ದಿನ ಮಾತ್ರ ಅಲುಗಾಡಲಿಲ್ಲ. ಮೀಸೆಗೆ ಹೋದ ದಿನಗಳನ್ನು ಟೆಸ್ಟಿಂಗ್‌ನಲ್ಲಿ ಕಡಿತ ಮಾಡಿದೆವು. 1982ರಲ್ಲಿ ಅಮೆರಿಕದ ಅಟಾರಿ ಕಂಪನಿ ‘ಇ.ಟಿ.’ ಸಿನಿಮಾ ಮೇಲೆ ಮಾಡಿದ ಗೇಮ್‌ಗೂ ಇದೇ ಗ್ರಹಚಾರ. ಕ್ರಿಸ್‌ಮಸ್‌ಗೆ ಬೇಕೇ ಬೇಕು ಅಂತ ಸುಮಾರು ಐದು ವಾರದಲ್ಲಿ ಮಾಡಿಸಿದರು. ಮಾರಾಟವಾಗದೆ ಉಳಿದ, ಗೇಮ್ ತುಂಬಿದ ಡಬ್ಬಿಯಂಥ ಕಾರ್ಟ್ರಿಜ್‌ಗಳನ್ನು ನ್ಯೂ ಮೆಕ್ಸಿಕೋದ ಕಸದ ಗುಂಡಿಯಲ್ಲಿ ಹೂತರು, 2014ರಲ್ಲಿ ಅಗೆದು ತೆಗೆದರು. ನಮ್ಮದನ್ನು ಹೂಳಲು ಗುಂಡಿ ಬೇಕಾಗಲಿಲ್ಲ. ಎರಡು ವಾರ ಡೌನ್‌ಲೋಡ್ ಚೆನ್ನಾಗಿ ಬಂತು. ಅಗ್ಗದ ಫೋನ್‌ಗಳಲ್ಲಿ ಗೇಮ್ ಮಧ್ಯದಲ್ಲೇ ನಿಲ್ಲುತ್ತಿತ್ತು. ಸಿನಿಮಾ ಥಿಯೇಟರ್ ಬಿಟ್ಟಿತು, ಜನ ಗೇಮ್ ಬಿಟ್ಟರು. ಲೈಸೆನ್ಸ್ ಮುಗಿದ ದಿನ ಸ್ಟೋರ್‌ನಿಂದ ನಾವೇ ತೆಗೆದೆವು.

ಒಂದೇ ಒಂದು ಬುದ್ಧಿವಂತಿಕೆ ಮಾಡಿದ್ದೆವು, ಅದೂ ನಂದಲ್ಲ. ಗೇಮ್‌ಗಾಗಿ ಮಾಡಿದ್ದೆಲ್ಲ ಅವರದ್ದು ಅಂತ ಕರಾರಿನಲ್ಲಿ ಒಂದು ಸಾಲಿತ್ತು. ನಮ್ಮ ವಕೀಲರು ಅದನ್ನು ಹೊಡೆದುಹಾಕಿ, ಕೋಡ್ ನಮ್ಮದು ಅಂತ ಸೇರಿಸಿದ್ದರು. ಇಷ್ಟಕ್ಕೆಲ್ಲ ಯಾಕೆ ರಗಳೆ ಅಂತ ನಾನು ಬೈದುಕೊಂಡಿದ್ದೆ. ಬ್ರಿಟನ್ನಿನ ರೇರ್ ಕಂಪನಿಯ ಕಥೆ ಆಗ ಗೊತ್ತಿರಲಿಲ್ಲ. 1997ರಲ್ಲಿ ಜೇಮ್ಸ್ ಬಾಂಡ್ ಸಿನಿಮಾದ ಲೈಸೆನ್ಸ್ ಮೇಲೆ ‘ಗೋಲ್ಡನ್‌ಐ’ ಮಾಡಿ ಗೆದ್ದವರು, ಅದೇ ಎಂಜಿನ್ನನ್ನು, ಅಂದರೆ ಗೇಮ್ ಓಡಿಸುವ ಮೂಲ ಕೋಡನ್ನು, ತಿದ್ದಿ 2000ದಲ್ಲಿ ‘ಪರ್ಫೆಕ್ಟ್ ಡಾರ್ಕ್’ ಅನ್ನುವ ಸ್ವಂತ ಗೇಮ್ ಮಾಡಿದರು. ಬಾಂಡ್ ಹೋದರೂ ಎಂಜಿನ್ ಉಳಿದಿತ್ತು.

ನಮಗೆ ಬಸ್ಸು ಉಳಿದಿತ್ತು. ಹೀರೋನನ್ನು ಇಳಿಸಿ ಒಬ್ಬ ಕಂಡಕ್ಟರಮ್ಮನನ್ನು ಹತ್ತಿಸಿದೆವು. ಹನ್ನೆರಡು ರೂಪಾಯಿ ಟಿಕೆಟ್‌ಗೆ ನೂರರ ನೋಟು ಚಾಚುತ್ತಾರೆ. ಬಾಕಿ 88 ಅಂತ ಟಿಕೆಟ್ ಹಿಂದೆ ಬರೆದುಕೊಡಬೇಕು. ಅವರ ಸ್ಟಾಪ್ ಬರುವುದರೊಳಗೆ ಚಿಲ್ಲರೆ ಹೊಂದಿಸಬೇಕು. ಇಷ್ಟೇ ಆಟ.

ಸ್ವಂತದ್ದು ಅಂದಮೇಲೆ ಸಲೀಸು ಅಲ್ವಾ ಅಂದುಕೊಂಡಿದ್ದೆ. ಬೇಡ ಅನ್ನುವವರೂ ಇಲ್ಲ, ಸಾಕು ಅನ್ನುವವರೂ ಇಲ್ಲ. ಆಯಮ್ಮನ ತುರುಬನ್ನೇ ನಾಲ್ಕು ತಿಂಗಳು ತಿದ್ದಿದೆವು. ಮೊದಲ ವಾರ 312 ಡೌನ್‌ಲೋಡ್, ಅದರಲ್ಲಿ ಅರ್ಧ ನೆಂಟರು. ಒಂದೂವರೆ ವರ್ಷದ ಮೇಲೆ ಈಗ ತಿಂಗಳಿಗೆ ಇಬ್ಬರ ಸಂಬಳ ಹುಟ್ಟುತ್ತಿದೆ. ಉಳಿದ ಆರು ಜನರಿಗೆ ಸಿನಿಮಾ ಗೇಮ್ ಕೆಲಸ ಇನ್ನೂ ಹಿಡಿಯುತ್ತೇವೆ, ಕೋಡ್ ಸಾಲು ಒಪ್ಪಿದರೆ ಮಾತ್ರ.

ಮೊನ್ನೆ ಟೀಶರ್ಟ್ ಮಾಡುವವರೊಬ್ಬರು ಬಂದು ಕಂಡಕ್ಟರಮ್ಮನ ಲೈಸೆನ್ಸ್ ಕೇಳಿದರು. ಅವರು ಕಳಿಸಿದ ಚಿತ್ರವನ್ನು ತುರುಬು ಚಿಕ್ಕದಾಯಿತು ಅಂತ ಈವರೆಗೆ ಮೂರು ಸಲ ವಾಪಸ್ ಕಳಿಸಿದ್ದೇವೆ.