ಕೆಲಸ ಬಿಡದೆ ಲಾ ಓದಲು ಜಾಗ ಹುಡುಕಿದ್ದು

ಬೇರೆ ಯಾವುದೋ ಡಿಗ್ರಿ ಮಾಡಿ ಆಮೇಲೆ ಕಾನೂನಿನ ಕಡೆ ಹೊರಳುವವರಿಗೆ ಇಂಗ್ಲೆಂಡಿನಲ್ಲಿ ಒಂದು ಕೋರ್ಸ್ ಇದೆ. ಹಿಂದೆ ಜಿಡಿಎಲ್ (ಗ್ರಾಜುಯೇಟ್ ಡಿಪ್ಲೊಮಾ ಇನ್ ಲಾ) ಅನ್ನುತ್ತಿದ್ದರು, ಈಗ ಎಷ್ಟೋ ಕಡೆ ಮುಂದೆ ಪೋಸ್ಟ್ ಸೇರಿಸಿ ಪಿಜಿಡಿಎಲ್. ಬೇರೆ ಕೆಲಸ ಇಟ್ಟುಕೊಳ್ಳದೆ ಓದಿದರೆ ವರ್ಷದೊಳಗೆ ಮುಗಿಯುತ್ತದೆ. ಇದನ್ನು ಕೇಳಿ ತುಮಕೂರಿನಲ್ಲಿ ವಕೀಲರಾಗಿರುವ ನಮ್ಮ ಭಾವ ನಕ್ಕರು. "ಅಲ್ಲಯ್ಯಾ, ನಾವು ಡಿಗ್ರಿ ಆದ್ಮೇಲೆ ಮೂರು ವರ್ಷ ಎಲ್‌ಎಲ್‌ಬಿ ಓದಿದ್ವಿ. ನಿಮ್ಮಲ್ಲಿ ಒಂದೇ ವರ್ಷಕ್ಕೆ ಕರಿ ಕೋಟು ಹಾಕಿಸ್ತಾರಾ?" ಹಾಕಿಸಲ್ಲ. ಅದಾದ ಮೇಲೆ ಪರೀಕ್ಷೆ, ತರಬೇತಿ ಎಲ್ಲ ಬೇರೆ ಇದೆ. ಈ ಡಿಪ್ಲೊಮಾ ಹಿಡಿದು ತುಮಕೂರು ಕೋರ್ಟಿನಲ್ಲಿ ನಿಲ್ಲೋಕೂ ಆಗಲ್ಲ. ಅಲ್ಲಿಗೆ ಬಾರ್ ಕೌನ್ಸಿಲ್ ಒಪ್ಪುವ ಲಾ ಡಿಗ್ರಿಯೇ ಬೇಕು.

ನಾನು ಲಂಡನ್ ಹತ್ತಿರದ ರೀಡಿಂಗ್ ಊರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೆ. ಎಲ್ಲಿ ಓದಬೇಕು ಅನ್ನುವುದಕ್ಕೆ ಮುಂಚೆ ಯಾವ ದಾರಿ ಅನ್ನುವುದು ತೀರ್ಮಾನ ಆಗಬೇಕಿತ್ತು. ಬ್ಯಾರಿಸ್ಟರ್, ಅಂದರೆ ಮುಖ್ಯವಾಗಿ ಕೋರ್ಟಿನಲ್ಲಿ ವಾದಿಸುವ ವಕೀಲ ಆಗುವುದಾದರೆ ಲಾ ಡಿಗ್ರಿ ಇಲ್ಲದವರಿಗೆ ಈ ಕೋರ್ಸ್ ಬೇಕೇ ಬೇಕು. ಸಾಲಿಸಿಟರ್, ಅಂದರೆ ಕಕ್ಷಿದಾರರಿಗೆ ಸಲಹೆ ಕೊಟ್ಟು ಕಾಗದಪತ್ರ ನೋಡಿಕೊಳ್ಳುವ ವಕೀಲ ಆಗಲು 2021ರಿಂದ ಎಸ್‌ಕ್ಯೂಇ ಅನ್ನುವ ಪರೀಕ್ಷೆ ಬಂದಿದೆ. ಯಾವುದೇ ಡಿಗ್ರಿ ಇದ್ದರೂ ನೇರವಾಗಿ ಕೂರಬಹುದು. ಆದರೆ ಮೊದಲ ಹಂತದಲ್ಲೇ 180ರಂತೆ ಎರಡು ಪತ್ರಿಕೆ, ಒಟ್ಟು 360 ಪ್ರಶ್ನೆ, ಪುಸ್ತಕ ನೋಡುವ ಹಾಗಿಲ್ಲ. ಟ್ರಸ್ಟ್ ಅಂದರೇನು ಎಂದೇ ಗೊತ್ತಿಲ್ಲದವನು ಸುಮ್ನೆ ಪ್ರಶ್ನೆ ಉರುಹೊಡೆದರೆ ಪಾಸಾಗಬಹುದೇನೋ, ಕಕ್ಷಿದಾರರ ಮುಂದೆ ಕೂತಾಗ ಬಾಯಿ ಕಟ್ಟುತ್ತದೆ. ಹಾಗಾಗಿ ಕೋರ್ಸ್ ಮಾಡಿಯೇ ಮುಂದೆ ಹೋಗೋಣ ಅಂದುಕೊಂಡೆ. ಮನಸ್ಸು ಬದಲಾದರೆ ಬ್ಯಾರಿಸ್ಟರ್ ಆಗುವುದಕ್ಕೂ ದಾರಿ ತೆರೆದಿರುತ್ತದೆ, ಅಲ್ವಾ.

ಬಿಪಿಪಿ, ಯೂನಿವರ್ಸಿಟಿ ಆಫ್ ಲಾ, ಲಂಡನ್‌ನ ಸಿಟಿ ಲಾ ಸ್ಕೂಲ್. ಹುಡುಕಲು ಹೊರಟವರಿಗೆಲ್ಲ ಮೊದಲು ಸಿಗುವ ಹೆಸರುಗಳು ಇವೇ. ಬ್ರೋಷರ್‌ಗಳು ಒಂದಕ್ಕಿಂತ ಒಂದು ಚೆಂದ. ಅದರಲ್ಲೂ "ನಮ್ಮಲ್ಲಿ ಓದಿದ ಇಷ್ಟು ಶೇಕಡಾ ಮಂದಿಗೆ ಕೆಲಸ" ಅನ್ನುವ ಸಾಲು ಎಂಥವರನ್ನೂ ಸೆಳೆಯುತ್ತದೆ. ಲಂಡನ್ನಿನ ಎಷ್ಟೋ ದೊಡ್ಡ ಕಾನೂನು ಕಂಪನಿಗಳು ಹುಡುಗರನ್ನು ಮೊದಲೇ ಆರಿಸಿ, ಫೀಸು ತಾವೇ ಕಟ್ಟಿ, ಇಂಥ ಕಡೆಯೇ ಓದಬೇಕು ಎಂದು ಕಳಿಸುತ್ತವೆ. ಕೆಲಸ ಕೈಯಲ್ಲಿಟ್ಟುಕೊಂಡೇ ತರಗತಿಗೆ ಬಂದವರನ್ನು ಲೆಕ್ಕಕ್ಕೆ ಹಿಡಿದರೆ ಯಾವ ಕಾಲೇಜಿನ ಶೇಕಡಾವಾರು ಚೆನ್ನಾಗಿರಲ್ಲ ಹೇಳಿ? ನನ್ನ ಹಾಗೆ ಸ್ವಂತ ದುಡ್ಡಲ್ಲಿ, ಪಾರ್ಟ್ ಟೈಮ್ ಓದಿದವರ ಕಥೆ ಏನು ಎಂದು ನಾನು ಎಲ್ಲಾ ಕಡೆ ಕೇಳಿದೆ. ಉತ್ತರಕ್ಕಿಂತ ಉತ್ತರ ಕೊಡುವ ರೀತಿಯಲ್ಲೇ ಜಾಸ್ತಿ ಗೊತ್ತಾಗುತ್ತಿತ್ತು. ದೊಡ್ಡ ಕಂಪನಿಗಳಿಗೆ ಅರ್ಜಿ ಹಾಕಿದ್ದರೆ ಅವರ ಉತ್ತರ ಬರುವ ಮುಂಚೆ ಎಲ್ಲೂ ಫೀಸು ಕಟ್ಟಬೇಡಿ.

ಓಪನ್ ಡೇಗಳಲ್ಲಿ ಮಾದರಿ ತರಗತಿ ಇರುತ್ತದೆ. ಕ್ಯಾಂಟೀನು, ಲೈಬ್ರರಿ ನೋಡುತ್ತಾ ಅದನ್ನು ತಪ್ಪಿಸಿಕೊಳ್ಳಬಾರದು. ನಾನು ಕೂತ ಎರಡು ಕಡೆ ಒಂದೇ ಕೇಸು ಬಂತು, ಕಾರ್ಲಿಲ್ ಕೇಸು. ನಮ್ಮ ಕಾರ್ಬಾಲಿಕ್ ಸ್ಮೋಕ್ ಬಾಲ್ (ಮೂಗಿಗೆ ಹಿಡಿಯುವ ಔಷಧಿಯ ಚೆಂಡು) ಬಳಸಿಯೂ ಇನ್‌ಫ್ಲುಯೆಂಜಾ ಬಂದರೆ 100 ಪೌಂಡ್ ಕೊಡುತ್ತೇವೆ ಎಂದು ಕಂಪನಿಯೊಂದು ಜಾಹೀರಾತು ಕೊಟ್ಟಿತ್ತು. ಕಾರ್ಲಿಲ್ ಎಂಬಾಕೆ ಬಳಸಿದರು, ಜ್ವರವೂ ಬಂತು, ದುಡ್ಡು ಮಾತ್ರ ಬರಲಿಲ್ಲ. ಜಾಹೀರಾತಿನ ಮಾತನ್ನು ಯಾರಾದರೂ ನಿಜ ಅಂದುಕೊಳ್ಳುತ್ತಾರಾ ಎಂದು ಕಂಪನಿ ವಾದಿಸಿತು. ಮೇಲ್ಮನವಿ ಕೋರ್ಟ್ 1892ರಲ್ಲಿ ಒಪ್ಪಲಿಲ್ಲ.

ಮೊದಲ ಕಡೆ ಮೇಷ್ಟ್ರು ಇಷ್ಟನ್ನೂ ಸ್ಲೈಡ್ ನೋಡಿ ಓದಿ ಮುಗಿಸಿದರು. ಎರಡನೇ ಕಡೆ ಮೇಡಂ ಜಾಹೀರಾತಿನ ಪ್ರತಿ ಹಂಚಿ, "ಯಾವ ಸಾಲು ಕಂಪನಿಯನ್ನು ಸಿಕ್ಕಿಹಾಕಿಸುತ್ತೆ, ತೋರಿಸಿ" ಅಂದು ಕೈಕಟ್ಟಿ ನಿಂತರು. ಯಾರೂ ಮಾತಾಡಲಿಲ್ಲ, ಅವರೂ ಕಾದರು. ಕೊನೆಗೆ ಹಿಂದಿನ ಸಾಲಿನ ನರ್ಸ್ ಒಬ್ಬರು, "1,000 ಪೌಂಡ್ ಬ್ಯಾಂಕಿನಲ್ಲಿ ಇಟ್ಟಿದ್ದೇವೆ ಅಂತ ಬರೆದಿದ್ದಾರಲ್ಲ" ಅಂದರು. "ಅದು ಇಲ್ಲದಿದ್ದರೆ?" ಎಂದು ಮರುಪ್ರಶ್ನೆ ಬಂತು. ಅಲ್ಲೇ ನನ್ನ ಮನಸ್ಸು ಅರ್ಧ ಆ ಕಡೆ ವಾಲಿತು.

ಇನ್ನರ್ಧ ವೇಳಾಪಟ್ಟಿ ನೋಡಿ. ಪೂರ್ತಿ ಆನ್‌ಲೈನ್ ಕೋರ್ಸು ಅಗ್ಗವಿತ್ತು. ಆದರೆ ಆಫೀಸ್ ಮುಗಿಸಿ ಬಂದು ರೆಕಾರ್ಡಿಂಗ್ ಹಾಕಿದರೆ ನಾನು ಹತ್ತು ನಿಮಿಷದಲ್ಲಿ ನಿದ್ದೆ ಹೋಗುವವನು. ಸಂಜೆ ತರಗತಿಗೆ ವಾರಕ್ಕೆರಡು ಸಲ ಲಂಡನ್ನಿನ ಪ್ಯಾಡಿಂಗ್ಟನ್ ರೈಲು ಹತ್ತುವುದೂ ಆಗದ ಮಾತು. ಮೇಡಂ ಇದ್ದ ಕಡೆ ವಾರಾಂತ್ಯದ ತರಗತಿ ಇತ್ತು, ಎರಡು ವರ್ಷದ್ದು. ಅದಕ್ಕೇ ಸೇರಿದೆ. ಇನ್ನೊಂದು ಕಡೆಯೂ ವಾರಾಂತ್ಯದ ತರಗತಿ ಇತ್ತು, ಆದರೆ ಕೆರಿಯರ್ ಸಲಹೆಗಾರರು ಸಿಗುವುದು ವಾರದ ದಿನ ಹಗಲಲ್ಲಿ ಮಾತ್ರ. ಪಾರ್ಟ್ ಟೈಮ್ ಓದುವವರಿಗೆ ಅದರಿಂದ ಏನು ಪ್ರಯೋಜನ? ಉಚಿತ ಕಾನೂನು ನೆರವಿನ ಕೇಂದ್ರಕ್ಕೆ ನಮ್ಮಂಥವರನ್ನೂ ಸೇರಿಸುತ್ತಾರಾ ಎಂದೂ ಕೇಳಿ. ಆಮೇಲೆ ಪ್ಯಾರಾಲೀಗಲ್ (ವಕೀಲರ ಸಹಾಯಕ) ಕೆಲಸ ಹುಡುಕುವಾಗ ನನಗೆ ಕೈಹಿಡಿದಿದ್ದು ಅಲ್ಲಿನ ಬಾಡಿಗೆದಾರರ ಕೇಸುಗಳೇ.

ದುಡ್ಡಿನ ವಿಷಯದಲ್ಲಿ ನಮ್ಮವರು ಎಡವುವ ಜಾಗ ಒಂದಿದೆ. ಬರೀ ಡಿಪ್ಲೊಮಾಗೆ ಸರ್ಕಾರಿ ಸಾಲ ಸಿಗಲ್ಲ. ಅದೇ ಪಾಠಗಳ ಜೊತೆ ಇನ್ನಷ್ಟು ಸೇರಿಸಿ ಎಂಎ ಎಂದು ಕೊಡುವ ಕಡೆ ಓದಿದರೆ ಮಾಸ್ಟರ್ಸ್ ಸಾಲಕ್ಕೆ ಅರ್ಜಿ ಹಾಕಬಹುದು. 12,000 ಪೌಂಡ್‌ಗಿಂತ ಜಾಸ್ತಿಯೇ ಸಿಗಬಹುದು. ಇಲ್ಲಿ ನೆಲೆಸುವ ಹಕ್ಕಿನ ಷರತ್ತು ಇದೆ, ನನಗೆ ಐಎಲ್‌ಆರ್, ಅಂದರೆ ಕಾಯಂ ನೆಲೆಸುವ ಅನುಮತಿ, ಆಗಿತ್ತು. ಇನ್ನೊಂದು ಷರತ್ತು, ಮೊದಲೇ ಮಾಸ್ಟರ್ಸ್ ಮಾಡಿರಬಾರದು. ಬೆಂಗಳೂರಿನಲ್ಲಿ ಮಾಡಿದ್ದರೂ ಅದು ಲೆಕ್ಕಕ್ಕೆ ಬರುತ್ತದೆ. ನನ್ನದು ಬರೀ ಬಿಇ. ಎಂಟೆಕ್ ಮಾಡಲಿಲ್ಲವಲ್ಲ ಎಂದು ಅಮ್ಮ ವರ್ಷಗಟ್ಟಲೆ ಬೈದಿದ್ದರು. ಸಾಲ ಮಂಜೂರಾದ ದಿನ ಫೋನ್ ಮಾಡಿ ಹೇಳಿದೆ, ಇನ್ನೂ ಒಪ್ಪಿಲ್ಲ.