ಟ್ರೇಲರ್ ಒಳಗೇಕೆ ಬೆವರುತ್ತದೆ? ತೇವ, ಬೂಷ್ಟು ತಡೆಯುವ ಬಗೆ

ಚಳಿಯ ರಾತ್ರಿ ಬಾಗಿಲು, ಕಿಟಕಿ ಬಿಗಿಯಾಗಿ ಮುಚ್ಚಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಕ್ಯಾಂಪಿಂಗ್ ಟ್ರೇಲರ್‌ನ ಗಾಜಿನ ಮೇಲೆ ನೀರು ಹರಿಯುತ್ತಿರುತ್ತದೆ. ಗೋಡೆ ಒದ್ದೆ, ಹೊದಿಕೆಯ ಅಂಚು ತಣ್ಣಗೆ. ಚಾವಣಿ ಸೋರುತ್ತಿದೆಯೇನೋ ಎಂಬ ಅನುಮಾನ ಮೊದಲು ಬರುತ್ತದೆ. ಆದರೆ ಬಹಳಷ್ಟು ಸಲ ಆ ನೀರು ಒಳಗೆ ಮಲಗಿದ್ದವರದ್ದೇ.

ನಿದ್ದೆಯಲ್ಲಿರುವ ಒಬ್ಬ ವಯಸ್ಕರ ಉಸಿರು ಮತ್ತು ಚರ್ಮದಿಂದ ಗಂಟೆಗೆ ಸುಮಾರು 40 ಗ್ರಾಂ ನೀರಾವಿ ಹೊರಬರುತ್ತದೆ. ಇಬ್ಬರು ಎಂಟು ಗಂಟೆ ಮಲಗಿದರೆ ಅರ್ಧ ಲೀಟರಿಗೂ ಹೆಚ್ಚು. 4 ಮೀಟರ್ ಉದ್ದ, 2 ಮೀಟರ್ ಅಗಲ, 1.9 ಮೀಟರ್ ಎತ್ತರದ ಟ್ರೇಲರ್‌ನಲ್ಲಿರುವುದು 15 ಘನ ಮೀಟರ್ ಗಾಳಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದುಕೊಳ್ಳುವುದು ಹೆಚ್ಚೆಂದರೆ 17 ಗ್ರಾಂ ಆವಿ. ಅಂದರೆ ಪೂರ್ತಿ ಒಣಗಿದ ಗಾಳಿಯಿಂದ ಶುರುವಾದರೂ ಮೂರೂವರೆ ಗಂಟೆಯೊಳಗೆ ಟ್ರೇಲರ್ ಆವಿಯಿಂದ ತುಂಬುತ್ತದೆ. ಹನಿಗಟ್ಟಲು ಅಷ್ಟು ತುಂಬಬೇಕೆಂದೂ ಇಲ್ಲ. ಹೊರಗೆ 5 ಡಿಗ್ರಿ, ಒಳಗೆ 20 ಡಿಗ್ರಿ ಇದ್ದರೆ ಒಂಟಿ ಗಾಜಿನ ಒಳಮೈ ಸುಮಾರು 9 ಡಿಗ್ರಿಗೆ ಇಳಿದಿರುತ್ತದೆ. ಒಳಗಿನ ಆರ್ದ್ರತೆ (ಗಾಳಿ ಹಿಡಿಯಬಲ್ಲ ಆವಿಯಲ್ಲಿ ಈಗ ಇರುವ ಪಾಲು) ಶೇ 50 ದಾಟಿದ ಕೂಡಲೇ ಆ ಗಾಜು ಮಬ್ಬಾಗುತ್ತದೆ.

ಹಾಗಾಗಿ ಕೆಲಸದ ಕ್ರಮ ಹೀಗಿರಬೇಕು: ಆವಿಯನ್ನು ಹೊರಗೆ ಕಳಿಸುವುದು ಮೊದಲು, ತಣ್ಣನೆಯ ಮೈಗಳನ್ನು ಬೆಚ್ಚಗಿಡುವುದು ಆಮೇಲೆ, ತೇವ ಹೀರುವ ಡಬ್ಬಿಗಳು ಕೊನೆಗೆ. ಅನೇಕರು ಕೊನೆಯದರಿಂದ ಶುರು ಮಾಡಿ ಹಣ ಕಳೆದುಕೊಳ್ಳುತ್ತಾರೆ.

ಸೋರಿಕೆಯೋ, ಆವಿಯೋ?

ಅನುಮಾನದ ಜಾಗವನ್ನು ಒಣಬಟ್ಟೆಯಿಂದ ಒರೆಸಿ, ಒಂದು ಅಡಿ ಉದ್ದಗಲದ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. ಒಂದು ದಿನ ಬಿಟ್ಟು ನೋಡಿ. ಕೋಣೆಯ ಕಡೆಗಿರುವ ಮೈ ಒದ್ದೆಯಾಗಿದ್ದರೆ ಅದು ಒಳಗಿನ ಆವಿ. ಹಾಳೆಯ ಹಿಂದೆ, ಗೋಡೆಯ ಕಡೆ ನೀರಿದ್ದರೆ ತೇವ ಗೋಡೆಯೊಳಗಿಂದ ಬರುತ್ತಿದೆ. ಯಾರೂ ಮಲಗದಿದ್ದರೂ ಮಳೆಯಾದ ಮೇಲೆ ಒದ್ದೆಯಾಗುವುದು, ಕಂದು ಕಲೆ, ಒತ್ತಿದರೆ ಮೆತ್ತಗಾಗುವ ಪ್ಲೈವುಡ್ ಸೋರಿಕೆಯ ಗುರುತುಗಳು. ಮರದ ತೇವ ಅಳೆಯುವ ಮೀಟರ್ ಶೇ 20ಕ್ಕಿಂತ ಹೆಚ್ಚು ತೋರಿಸಿದರೆ ಕೊಳೆಯುವ ಅಪಾಯವಿದೆ. ಚಾವಣಿಯ ಕಿಂಡಿ, ಕಿಟಕಿ ಚೌಕಟ್ಟು, ಮೂಲೆಯ ಪಟ್ಟಿ, ಹೊರದೀಪದ ಸ್ಕ್ರೂಗಳ ಸುತ್ತ ಹಳೆಯ ಸೀಲೆಂಟ್ (ಸಂದು ಮುಚ್ಚುವ ಅಂಟು) ಕೆರೆದು ತೆಗೆದು, ಬ್ಯುಟೈಲ್ ಟೇಪ್ (ಮೆತ್ತನೆಯ ರಬ್ಬರಿನಂಥ ಅಂಟುಪಟ್ಟಿ) ಹಾಕಿ ಮತ್ತೆ ಕೂರಿಸಿ. ಬಿರುಕಿನ ಮೇಲೆ ಸಿಲಿಕೋನ್ ಬಳಿದು ಸುಮ್ಮನಾದರೆ ನೀರು ಇನ್ನೊಂದು ದಾರಿ ಹುಡುಕಿಕೊಳ್ಳುತ್ತದೆ. ಸೋರಿಕೆ ನಿಲ್ಲುವವರೆಗೆ ಮುಂದಿನ ಯಾವ ಕೆಲಸವೂ ಫಲ ಕೊಡದು.

ಅಳತೆ ಇಲ್ಲದೆ ಬೇಡ

ಒಂದು ಡಿಜಿಟಲ್ ಆರ್ದ್ರತಾ ಮಾಪಕ ತನ್ನಿ. ಅದು ನಿಜ ಹೇಳುತ್ತಿದೆಯೇ ಎಂದು ತಿಳಿಯಲು ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಕರಗಿಹೋಗದೆ ಬರೀ ತೇವವಾಗುವಷ್ಟು ನೀರು ಹನಿಸಿ. ಮಾಪಕವನ್ನೂ ಮುಚ್ಚಳವನ್ನೂ ಗಾಳಿಯಾಡದ ಜಿಪ್ ಚೀಲದಲ್ಲಿ ಒಟ್ಟಿಗೆ ಇಟ್ಟು ಒಂದು ರಾತ್ರಿ ಬಿಡಿ. ಶೇ 75 ತೋರಿಸಬೇಕು. ಎಷ್ಟು ವ್ಯತ್ಯಾಸವಿದೆಯೋ ಅಷ್ಟನ್ನು ಮುಂದೆ ಕೂಡಿಸಿ ಅಥವಾ ಕಳೆದು ಓದಿ. ಮಾಪಕವನ್ನು ಒಲೆಯ ಹತ್ತಿರವಲ್ಲ, ಹಾಸಿಗೆಯ ತಲೆಭಾಗದಲ್ಲಿ ಇಡಿ. ಶೇ 60ರ ಒಳಗೆ ಇರಬೇಕು, 40–50 ಆದರೆ ಇನ್ನೂ ಒಳ್ಳೆಯದು. ಒದ್ದೆಯಾದ ಬಟ್ಟೆ, ಮರ 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಬೂಷ್ಟು ಬೇರೂರುತ್ತದೆ.

ಗಾಳಿ: ಒಂದು ಒಳಗೆ, ಒಂದು ಹೊರಗೆ

ಮಳೆ ಬರುವಾಗ ಕಿಟಕಿ ತೆರೆದರೆ ತೇವ ಒಳಗೆ ಬರುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಚಳಿಗಾಲದ ಮಟ್ಟಿಗೆ ಅದು ತಪ್ಪು. 5 ಡಿಗ್ರಿಯ ಗಾಳಿ ಮಳೆಯಲ್ಲಿ ಪೂರ್ತಿ ತೋಯ್ದಿದ್ದರೂ ಅದರಲ್ಲಿರುವುದು ಘನ ಮೀಟರಿಗೆ 7 ಗ್ರಾಂಗಿಂತ ಕಡಿಮೆ ಆವಿ. ಒಳಗೆ ಬಂದು 20 ಡಿಗ್ರಿಗೆ ಬಿಸಿಯಾದರೆ ಅದರ ಆರ್ದ್ರತೆ ಶೇ 40ರ ಆಸುಪಾಸು. ಒಣಗಿಸಲು ಅದಕ್ಕಿಂತ ಅಗ್ಗದ ಸಾಧನ ಇನ್ನೊಂದಿಲ್ಲ.

ಇಬ್ಬರ ಉಸಿರಿನ ತೇವ ಹೊರಹೋಗಲು ಗಂಟೆಗೆ ಸುಮಾರು 20 ಘನ ಮೀಟರ್ ಗಾಳಿ ಬದಲಾದರೆ ಸಾಕು. ಚಾವಣಿಯ ಫ್ಯಾನ್ ಅನ್ನು ಗಾಳಿ ಹೊರಗೆ ತಳ್ಳುವಂತೆ ಅತಿ ಕಡಿಮೆ ವೇಗದಲ್ಲಿ ಓಡಿಸಿ. ಫ್ಯಾನ್‌ನಿಂದ ದೂರದ, ಸಾಧ್ಯವಾದರೆ ತಗ್ಗಿನಲ್ಲಿರುವ ಒಂದು ಕಿಟಕಿಯನ್ನು 2–3 ಸೆಂಟಿಮೀಟರ್ ತೆರೆದಿಡಿ. ಫ್ಯಾನ್ ಪಕ್ಕದ ಕಿಟಕಿಯನ್ನೇ ತೆರೆದರೆ ಗಾಳಿ ಅಲ್ಲಿಂದಲ್ಲಿಗೇ ಹೋಗುತ್ತದೆ, ಮಲಗುವ ಮೂಲೆ ಹಾಗೆಯೇ ತೇವವಾಗಿ ಉಳಿಯುತ್ತದೆ. ಕಿಟಕಿ ತೆರೆಯದೆ ಬರೀ ಫ್ಯಾನ್ ಹಾಕುವುದೂ ವ್ಯರ್ಥ. ಬೆಳಿಗ್ಗೆ ಎದ್ದ ಕೂಡಲೇ ಗಾಜು, ಚೌಕಟ್ಟು ಒರೆಸಿ, ಬಟ್ಟೆಯನ್ನು ಹೊರಗೆ ಹಿಂಡಿ, ಬಾಗಿಲು ಕಿಟಕಿಗಳೆಲ್ಲವನ್ನೂ ಹತ್ತು ನಿಮಿಷ ತೆರೆದಿಡಿ.

ಸೆಕೆಯ, ಹಸಿ ಹವೆಯ ಊರಿನಲ್ಲಿ ಮಾತ್ರ ಈ ಲೆಕ್ಕ ತಿರುಗುಮುರುಗು. ಅಲ್ಲಿ ಹೊರಗಿನ ಗಾಳಿಯಲ್ಲೇ ಆವಿ ಹೆಚ್ಚು. ಕಿಟಕಿ ಮುಚ್ಚಿ ಏಸಿ ಅಥವಾ ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಓಡಿಸುವುದೇ ಸರಿ.

ಒಲೆ ಮತ್ತು ಹೀಟರ್

ಒಂದು ಕಿಲೊ ಎಲ್‌ಪಿಜಿ ಉರಿದರೆ ಸುಮಾರು 1.6 ಕಿಲೊ ನೀರು ಹುಟ್ಟುತ್ತದೆ, ಅದೂ ಆವಿಯಾಗಿ. 2 ಕಿಲೊವ್ಯಾಟ್‌ನ ಬರ್ನರ್ ಒಂದು ಗಂಟೆ ಉರಿದರೆ 250 ಗ್ರಾಂ: ಆರು ಜನರ ಉಸಿರಿಗೆ ಸಮ. ಚಳಿ ಕಾಯಿಸಲು ಒಲೆ ಹಚ್ಚುವುದು, ಹೊಗೆ ಕೊಳವೆಯಿಲ್ಲದ ಗ್ಯಾಸ್ ಹೀಟರ್ ಬಳಸುವುದು ತೇವವನ್ನು ಹೆಚ್ಚಿಸುತ್ತದೆ. ಅದಕ್ಕಿಂತ ಮುಖ್ಯವಾಗಿ ಕಾರ್ಬನ್ ಮಾನಾಕ್ಸೈಡ್‌ನಿಂದ ಜೀವ ತೆಗೆಯಬಲ್ಲದು. ಉರಿಯುವ ಗಾಳಿಯನ್ನು ಹೊರಗಿಂದ ಎಳೆದು ಹೊಗೆಯನ್ನೂ ಹೊರಗೇ ಬಿಡುವ ಹೀಟರ್, ಇಲ್ಲವೇ ವಿದ್ಯುತ್ ಹೀಟರ್ ಸಾಕು. ಯಾವುದಿದ್ದರೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು. ಮಲಗುವಾಗ ಹೀಟರ್ ಆರಿಸಿದರೆ ಗೋಡೆಗಳು ತಣ್ಣಗಾಗಿ ನಡುರಾತ್ರಿಯ ನಂತರ ಹನಿಗಟ್ಟುತ್ತದೆ. ಹೊಗೆ ಹೊರಹೋಗುವ ಹೀಟರ್ ಆದರೆ ರಾತ್ರಿಯಿಡೀ ಸಣ್ಣಗೆ ಓಡುತ್ತಿರಲಿ, ಕಿಂಡಿಯೂ ತೆರೆದಿರಲಿ. ಎರಡರಲ್ಲಿ ಒಂದನ್ನಷ್ಟೇ ಮಾಡಿದರೆ ಅರ್ಧ ಕೆಲಸ.

ಅಡುಗೆಗೆ ಮುಂಚೆಯೇ ಕಿಂಡಿ ತೆರೆಯಿರಿ, ಪಾತ್ರೆಗೆ ಮುಚ್ಚಳವಿಡಿ. ಕುದಿಸುವುದನ್ನು ಹೊರಗಿನ ಒಲೆಯಲ್ಲಿ ಮಾಡಿದರೆ ಅರ್ಧ ತಲೆನೋವು ತಪ್ಪುತ್ತದೆ. ಒದ್ದೆ ಟವೆಲ್, ಮಳೆಯಂಗಿ, ಶೂ ಒಳಗೆ ಒಣಹಾಕಬೇಡಿ.

ಹಾಸಿಗೆಯ ಕೆಳಗೆ ನೋಡಿದ್ದೀರಾ?

ಗಾಜಿನ ಮೇಲಿನ ನೀರು ಕಣ್ಣಿಗೆ ಬೀಳುತ್ತದೆ, ಒರೆಸುತ್ತೇವೆ. ಬೂಷ್ಟು ನಿಜವಾಗಿ ಬೆಳೆಯುವುದು ಕಾಣದ ಜಾಗದಲ್ಲಿ. ಮೈಯ ಆವಿ ಫೋಮ್ ಹಾಸಿಗೆಯನ್ನು ದಾಟಿ ಕೆಳಗಿಳಿದು ತಣ್ಣನೆಯ ಪ್ಲೈವುಡ್ ಹಲಗೆಗೆ ತಾಗಿ ನೀರಾಗುತ್ತದೆ. ಅಲ್ಲಿ ಗಾಳಿಯಿಲ್ಲ, ಬೆಳಕಿಲ್ಲ, ಮೇಲೆ ಮನುಷ್ಯರ ಭಾರ. ಕಪ್ಪು ಚುಕ್ಕೆಗಳು ಮೊದಲು ಕಾಣಿಸುವುದು ಸೊಂಟ, ಬೆನ್ನು ಇರುವ ಕಡೆ.

ಒಳ್ಳೆಯ ಪರಿಹಾರ, ಹಲಗೆಯನ್ನು ತೆಗೆದು ಮರದ ಪಟ್ಟಿ ಕೂರಿಸುವುದು: 6 ಸೆಂಟಿಮೀಟರ್ ಅಗಲ, 18 ಮಿಲಿಮೀಟರ್ ದಪ್ಪದ ಪಟ್ಟಿಗಳು, ನಡುವೆ 4–5 ಸೆಂಟಿಮೀಟರ್ ಸಂದು. ಸಂದು ಇನ್ನೂ ಅಗಲವಾದರೆ ಫೋಮ್ ಕುಸಿಯುತ್ತದೆ. ಹಲಗೆ ಉಳಿಸಿಕೊಳ್ಳಬೇಕೆಂದರೆ ಹೋಲ್ ಸಾ (ಡ್ರಿಲ್‌ಗೆ ಸಿಕ್ಕಿಸುವ ದುಂಡು ಗರಗಸ) ಹಾಕಿ 35–40 ಮಿಲಿಮೀಟರಿನ ತೂತುಗಳನ್ನು 15 ಸೆಂಟಿಮೀಟರಿಗೊಂದರಂತೆ ಕೊರೆಯಿರಿ. ಅಂಚಿನಿಂದ 10 ಸೆಂಟಿಮೀಟರ್ ಬಿಡಿ, ಕೆಳಗೆ ಆಧಾರದ ಪಟ್ಟಿ ಇರುವ ಕಡೆ ಕೊರೆಯಬೇಡಿ, ತೂತಿನ ಅಂಚಿಗೆ ಮರಳು ಕಾಗದ ಉಜ್ಜಿ ವಾರ್ನಿಷ್ ಬಳಿಯಿರಿ. ತೂತು ಮಾತ್ರ ಸಾಲದು: ಹಾಸಿಗೆಯಡಿ 1–2 ಸೆಂಟಿಮೀಟರ್ ದಪ್ಪದ, ಗಾಳಿಯಾಡುವ ನೈಲಾನ್ ಜಾಲರಿ ಹಾಸು ಬೇಕು. ಮಂಚದ ಕೆಳಗಿನ ಪೆಟ್ಟಿಗೆಗೂ ಮುಂಬದಿಯಲ್ಲಿ ಗಾಳಿಕಿಂಡಿ ಇರಲಿ. ಅಲ್ಲಿ ಸಾಮಾನು ಕಿಕ್ಕಿರಿದು ತುಂಬಿದರೆ ಪಟ್ಟಿ, ತೂತು ಎಲ್ಲವೂ ನಿಷ್ಪ್ರಯೋಜಕ. ಹಾಸಿಗೆಗೂ ಗೋಡೆಗೂ ಮಧ್ಯೆ ಎರಡು ಬೆರಳು ಜಾಗ ಬಿಡಿ, ಬೆಳಿಗ್ಗೆ ಹಾಸಿಗೆಯನ್ನು ಎತ್ತಿ ನಿಲ್ಲಿಸಿ. ಒದ್ದೆಯಾಗದಿರಲೆಂದು ಹಾಸಿಗೆಯಡಿ ಪ್ಲಾಸ್ಟಿಕ್ ಹಾಸುವವರಿದ್ದಾರೆ. ಆಗ ಹಲಗೆ ಒಣಗಿರುತ್ತದೆ, ಹಾಸಿಗೆ ಕೊಳೆಯುತ್ತದೆ.

ತಣ್ಣನೆಯ ಲೋಹ, ಗಾಜು

ಕಿಟಕಿಗೆ ಹೊದಿಕೆಯನ್ನು ಹೊರಗಿನಿಂದ ಹಾಕುವುದು ಲೇಸು; ಗಾಜು ಒಳಗಿನ ಬಿಸಿಯ ಕಡೆ ಉಳಿಯುತ್ತದೆ. ಒಳಗಿನಿಂದ ಬೆಳ್ಳಿಬಣ್ಣದ ಹಾಳೆ ಇಟ್ಟರೆ ಗಾಜು ಇನ್ನೂ ತಣ್ಣಗಾಗಿ, ಅಂಚಿನ ಸಂದಿನಿಂದ ನುಸುಳಿದ ಆವಿ ಹಿಂದೆ ಹನಿಗಟ್ಟುತ್ತದೆ. ಗೋಡೆಯೊಳಗಿನ ಅಲ್ಯೂಮಿನಿಯಂ ಪಟ್ಟಿ, ಚೌಕಟ್ಟು, ಸ್ಕ್ರೂ ತಲೆಗಳ ಮೇಲೆ ತೇವ ಗೆರೆಗೆರೆಯಾಗಿ ಮೂಡುತ್ತದೆ. ಅವುಗಳ ಮೇಲೆ ರಂಧ್ರವಿಲ್ಲದ ಫೋಮ್ ಹಾಳೆಯನ್ನು ಪೂರ್ತಿ ಅಂಟಿಸಿ. ಮಧ್ಯೆ ಟೊಳ್ಳು ಉಳಿದರೆ ಅದರೊಳಗೇ ನೀರು ನಿಲ್ಲುತ್ತದೆ. ಬೀರುಗಳ ಹಿಂದೆ ಗಾಳಿಯಾಡಲಿ, ಬಟ್ಟೆ ಗೋಡೆಗೆ ಒತ್ತದಿರಲಿ.

ಹೀರುವ ಡಬ್ಬಿ, ಯಂತ್ರ

ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಜನ ಮಲಗಿರುವ ಟ್ರೇಲರ್‌ಗೆ ಸಾಲದು, ಬೀಗ ಹಾಕಿ ನಿಲ್ಲಿಸಿದ ಟ್ರೇಲರ್‌ಗೆ ಪರವಾಗಿಲ್ಲ. ಅದರಲ್ಲಿ ಕೂಡಿದ ಉಪ್ಪುನೀರು ಚೆಲ್ಲಿದರೆ ಲೋಹ ತುಕ್ಕು ಹಿಡಿಯುತ್ತದೆ, ತಟ್ಟೆಯಲ್ಲಿಡಿ. ಕಂಪ್ರೆಸರ್ ಇರುವ ಡಿಹ್ಯೂಮಿಡಿಫೈಯರ್ 15 ಡಿಗ್ರಿಗಿಂತ ಕೆಳಗೆ ಮಂಕಾಗುತ್ತದೆ. ಚಳಿಯಲ್ಲಿ ಡೆಸಿಕೆಂಟ್ ಬಗೆಯದು, ಅಂದರೆ ತೇವ ಹೀರುವ ವಸ್ತುವಿನಿಂದ ಗಾಳಿ ಒಣಗಿಸುವಂಥದ್ದು ಬೇಕು. ಯಂತ್ರ ಓಡುವಾಗ ಕಿಟಕಿ ಮುಚ್ಚಬೇಕು, ಆದರೆ ನೆಲದ ಹತ್ತಿರದ ಗ್ಯಾಸ್ ಕಿಂಡಿಗಳನ್ನು ಎಂದಿಗೂ ಮುಚ್ಚಬಾರದು. ಎಲ್‌ಪಿಜಿ ಗಾಳಿಗಿಂತ ಭಾರ; ಸೋರಿದರೆ ಅಲ್ಲಿಂದಲೇ ಹೊರಹೋಗಬೇಕು.

ಬೂಷ್ಟು ಬಂದುಬಿಟ್ಟಿದ್ದರೆ

ಎನ್95 ಮುಖಗವಸು, ಕೈಗವಸು ಹಾಕಿ ಬಾಗಿಲು ತೆರೆದು ಕೆಲಸ ಶುರು ಮಾಡಿ. ಒಣ ಬೂಷ್ಟನ್ನು ಬ್ರಷ್‌ನಿಂದ ಉಜ್ಜಿದರೆ ಬೀಜಕಣಗಳು ಟ್ರೇಲರ್ ತುಂಬ ಹಾರುತ್ತವೆ, ಆದ್ದರಿಂದ ಮೊದಲು ತೇವ ಮಾಡಿ. ಪ್ಲಾಸ್ಟಿಕ್, ಫೈಬರ್‌ಗ್ಲಾಸ್‌ನಂಥ ಗಟ್ಟಿ ಮೈಗೆ ನೀರು ಬೆರೆಸದ ಬಿಳಿ ವಿನೆಗರ್ ಸಿಂಪಡಿಸಿ ಒಂದು ಗಂಟೆ ಬಿಟ್ಟು ಒರೆಸಿ. ಬ್ಲೀಚ್ ಬಳಸುವುದಾದರೆ ಲೀಟರ್ ನೀರಿಗೆ 60 ಮಿಲಿಲೀಟರ್ ಮೀರಬಾರದು. ಬ್ಲೀಚ್ ಮತ್ತು ವಿನೆಗರ್ ಒಂದಕ್ಕೊಂದು ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅಮೋನಿಯಾ ಇರುವ ಕ್ಲೀನರ್ ಜೊತೆಗೂ ಬ್ಲೀಚ್ ಅಪಾಯವೇ. ಒಳಗಿನವರೆಗೆ ಬೂಷ್ಟು ಹಿಡಿದ ಫೋಮ್ ಅನ್ನು ಉಳಿಸುವ ಪ್ರಯತ್ನ ಬೇಡ, ಎಸೆಯಿರಿ.

ನಿಲ್ಲಿಸಿಡುವಾಗ

ನೀರಿನ ಟ್ಯಾಂಕ್ ಖಾಲಿ ಮಾಡಿ. ಫ್ರಿಜ್ ಬಾಗಿಲಿಗೆ ಸಣ್ಣ ಕಟ್ಟಿಗೆ ಸಿಕ್ಕಿಸಿ ತೆರೆದಿಡಿ. ಮೆತ್ತೆಗಳನ್ನು ಗೋಡೆಯಿಂದ ದೂರ ನಿಲ್ಲಿಸಿ, ಬೀರು ಬಾಗಿಲು ತೆರೆಯಿರಿ. ಮಳೆಮುಚ್ಚಳ ಇರುವ ಚಾವಣಿ ಕಿಂಡಿ ಸ್ವಲ್ಪ ತೆರೆದೇ ಇರಲಿ. ಚಾವಣಿ ಮೇಲೆ ನೀರು ನಿಲ್ಲದಂತೆ ಮುಂಭಾಗವನ್ನು ತುಸು ಎತ್ತರಿಸಿ. ಪ್ಲಾಸ್ಟಿಕ್ ಟಾರ್ಪಾಲ್ ಬಿಗಿದು ಕಟ್ಟಿದರೆ ಅದರಡಿಯಲ್ಲೇ ತೇವ ಕೂಡುತ್ತದೆ. ಗಾಳಿಯಾಡುವ ಬಟ್ಟೆಯ ಹೊದಿಕೆ ಹಾಕಿ. ಕ್ಯಾನ್ವಾಸ್ ಮಡಚುವ ಟ್ರೇಲರ್ ಆದರೆ ಮಳೆಯಲ್ಲಿ ಮಡಚಿ ತಂದದ್ದನ್ನು ಮರುದಿನವೇ ಬಿಚ್ಚಿ ಹರಡಿ, ಹೊಲಿಗೆಯ ಸಾಲುಗಳು ಒಣಗಿವೆಯೇ ಎಂದು ಮುಟ್ಟಿ ನೋಡಿದ ಮೇಲಷ್ಟೇ ಮತ್ತೆ ಮಡಚಿ.