ದಿನಕ್ಕೆ 22 ಗಂಟೆ: ಅಲೈನರ್ ಜೊತೆ ನನ್ನ ಅನುಭವ

ಹೈಸ್ಕೂಲಿನಲ್ಲಿದ್ದಾಗ ನನಗೆ ತಂತಿಯ ಕ್ಲಿಪ್ ಹಾಕಿಸಿದ್ದರು. ಬಿಚ್ಚಿದ ಮೇಲೆ ಹಲ್ಲು ಮತ್ತೆ ಸರಿಯದಂತೆ ರಾತ್ರಿ ಹಾಕಿಕೊಳ್ಳಲು ಕೊಟ್ಟ ರಿಟೇನರನ್ನು ವರ್ಷ ತುಂಬುವ ಮೊದಲೇ ಬಿಟ್ಟುಬಿಟ್ಟೆ. ಹಲ್ಲು ನೆಟ್ಟಗಾಯಿತಲ್ಲ, ಇನ್ನೇನು ಅಂದುಕೊಂಡೆ. 39 ತುಂಬುವ ಹೊತ್ತಿಗೆ ಕೆಳಗಿನ ಬಾಚಿಹಲ್ಲುಗಳು ಒಂದರ ಹಿಂದೊಂದು ಸರಿದು, ಸಂದಿಗೆ ಬ್ರಷ್ ಹೋಗದೆ, ಬೆಳಿಗ್ಗೆ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರತೊಡಗಿತು. ನಾನು ದಂತವೈದ್ಯರ ಬಳಿ ಹೋದದ್ದು ಚೆಂದಕ್ಕಲ್ಲ, ಆ ರಕ್ತ ನೋಡಿ ಹೆದರಿ.

ಅಲೈನರ್ ಅಂದರೆ ಹಲ್ಲಿನ ಮೇಲೆ ಕೂತು ಅದನ್ನು ಸ್ವಲ್ಪ ಸ್ವಲ್ಪವೇ ಸರಿಸುವ, ಬಿಚ್ಚಿ ಹಾಕಬಹುದಾದ ಪಾರದರ್ಶಕ ಪ್ಲಾಸ್ಟಿಕ್ ಟ್ರೇ. ಹೋದ ಕೂಡಲೇ ಅದನ್ನು ಕೊಡಲಿಲ್ಲ. ಮೊದಲು ಕ್ಲೀನಿಂಗ್, ಆಮೇಲೆ ವಸಡು ಗಟ್ಟಿಯಾಗುವವರೆಗೆ ಎರಡು ತಿಂಗಳು ಕಾಯಬೇಕಾಯಿತು. ಹಲ್ಲು ಸರಿಯುವುದು ಮೂಳೆಯೊಳಗೆ. ಒತ್ತಿದ ಬದಿಯಲ್ಲಿ ಮೂಳೆ ಕರಗುತ್ತದೆ, ಬಿಟ್ಟ ಬದಿಯಲ್ಲಿ ಹೊಸದು ಬೆಳೆಯುತ್ತದೆ. ವಸಡು ಊದಿಕೊಂಡಿರುವಾಗ ಈ ಕೆಲಸಕ್ಕೆ ಕೈ ಹಾಕಿದರೆ ಇರುವ ಮೂಳೆಗೂ ಕುತ್ತು. ಅವಸರ ಮಾಡದ ಆ ವೈದ್ಯರ ಮೇಲೆ ಅಂದೇ ನನಗೆ ನಂಬಿಕೆ ಬಂತು.

ಬಾಯಿ ಸ್ಕ್ಯಾನ್ ಮಾಡಿ 24 ಜೊತೆ ಟ್ರೇ ಅಂದರು. ಒಂದೊಂದು ಟ್ರೇ ಹಲ್ಲನ್ನು ಸರಿಸುವುದು ಹೆಚ್ಚೆಂದರೆ ಕಾಲು ಮಿಲಿಮೀಟರ್. ನನಗೆ ಹತ್ತು ದಿನಕ್ಕೊಂದು ಬದಲಿಸಲು ಹೇಳಿದರು. ಟ್ರೇಗೆ ಹಿಡಿತ ಸಿಗಲೆಂದು ಕೆಲವು ಹಲ್ಲುಗಳ ಮೇಲೆ ಅಕ್ಕಿನುಚ್ಚಿನಷ್ಟು ಗಾತ್ರದ, ಹಲ್ಲಿನ ಬಣ್ಣದ್ದೇ ಅಟ್ಯಾಚ್‌ಮೆಂಟ್‌ಗಳನ್ನು ಅಂಟಿಸಿದರು. ಮೊದಲ ವಾರ ತುಟಿಯ ಒಳಬದಿಗೆ ತಾಗಿ ಹುಣ್ಣಾಗಿತ್ತು.

ನಾನು ಎಂಟನೇ ತರಗತಿಗೆ ಕನ್ನಡ ಪಾಠ ಮಾಡುವವಳು. ಮೊದಲ ದಿನ 'ಸ' ಎಂದರೆ ಸಿಳ್ಳೆ ಬಂತು, 'ಶ' ಎಂದರೆ ಗಾಳಿ. ಉಚ್ಚಾರ ತಿದ್ದಬೇಕಾದವಳೇ ಹೀಗೆ ಮಾತಾಡಿದರೆ ಹೇಗೆ ಎಂಬ ಸಂಕಟಕ್ಕೆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಟ್ರೇಯ ಡಬ್ಬಿಯನ್ನೇ ಮಕ್ಕಳಿಗೆ ತೋರಿಸಿ ವಿಷಯ ಹೇಳಿಬಿಟ್ಟೆ. ಮನೆಯಲ್ಲಿ ದಿನಾ ಪೇಪರಿನ ಒಂದು ಪುಟ ಗಟ್ಟಿಯಾಗಿ ಓದಿದೆ. ಎರಡನೇ ವಾರದ ಕೊನೆಗೆ ನಾಲಿಗೆ ಒಗ್ಗಿಕೊಂಡಿತು.

ನಿಜವಾದ ಪರೀಕ್ಷೆ ಊಟತಿಂಡಿಯದು. ದಿನಕ್ಕೆ 22 ಗಂಟೆ ಹಾಕಿರಬೇಕು ಎಂದರೆ ತಿಂಡಿ, ಊಟ, ಕಾಫಿ, ಹಲ್ಲುಜ್ಜುವುದು ಎಲ್ಲಕ್ಕೂ ಸೇರಿ ಉಳಿಯುವುದು ಎರಡೇ ಗಂಟೆ. ಹಾಕಿಕೊಂಡಾಗ ನೀರು ಬಿಟ್ಟರೆ ಬೇರೇನೂ ಕುಡಿಯುವಂತಿಲ್ಲ. ಬಿಸಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಸಕ್ಕರೆ ಒಳಗೇ ಸಿಕ್ಕಿ ಹುಳುಕು ಹಿಡಿಸುತ್ತದೆ, ಸಾರಿನ ಅರಿಶಿನ ಕಲೆ ಮಾಡುತ್ತದೆ. ಸ್ಟಾಫ್‌ರೂಮಿನ ಹನ್ನೊಂದು ಗಂಟೆಯ ಕಾಫಿ ಬಿಟ್ಟೆ. ಬೆಳಗಿನ ಕಾಫಿಯನ್ನು ತಿಂಡಿಗೆ ಸೇರಿಸಿದೆ.

"ಒಂದು ಕೋಡುಬಳೆ ತಿಂದ್ರೆ ಏನಾಗತ್ತಮ್ಮ?" ಅಂತ ಅತ್ತೆ ಸಂಜೆ ಸಂಜೆ ಕೇಳುತ್ತಿದ್ದರು. "ರಾತ್ರಿ ಊಟದ ಜೊತೆ ತಿಂತೀನಿ ಅತ್ತೆ, ಎತ್ತಿಡಿ" ಅನ್ನುತ್ತಿದ್ದೆ. ಹದಿನೈದು ದಿನದಲ್ಲಿ ಕೇಳುವುದನ್ನೇ ಬಿಟ್ಟರು. ರಾತ್ರಿ ತಟ್ಟೆ ಹಾಕುವಾಗ ಮೂಲೆಯಲ್ಲಿ ಉಪ್ಪಿನ ಪಕ್ಕ ಎರಡು ಕೋಡುಬಳೆ ಇರುತ್ತಿದ್ದವು. ಚಿಕಿತ್ಸೆ ಮುಗಿಯುವವರೆಗೂ ಅವರು ಅದನ್ನು ತಪ್ಪಿಸಲಿಲ್ಲ.

ಹನ್ನೊಂದನೇ ಟ್ರೇ ಕಳೆದದ್ದು ಒಂದು ಮದುವೆಮನೆಯಲ್ಲಿ. ಡಬ್ಬಿ ಮರೆತಿದ್ದೆ, ಟಿಶ್ಯೂನಲ್ಲಿ ಸುತ್ತಿ ಎಲೆಯ ಪಕ್ಕ ಇಟ್ಟೆ, ಕೈ ತೊಳೆದು ಬರುವಷ್ಟರಲ್ಲಿ ಎಲೆ ಎತ್ತಿಯಾಗಿತ್ತು. ಆ ಟ್ರೇ ಹಾಕಿ ಎಂಟು ದಿನವಾಗಿದ್ದರಿಂದ, ಫೋನ್ ಮಾಡಿದಾಗ ವೈದ್ಯರು ಹನ್ನೆರಡನೆಯದನ್ನು ಹಾಕಿ ನೋಡಲು ಹೇಳಿದರು. ಕೂರದಿದ್ದರೆ ಹತ್ತನೆಯದಕ್ಕೆ ವಾಪಸ್. ಹಳೆಯ ಟ್ರೇ ಎಸೆಯಬಾರದು ಅನ್ನುವುದು ಇದಕ್ಕೇ. ಕೋರೆಹಲ್ಲಿನ ತುದಿಗೂ ಪ್ಲಾಸ್ಟಿಕ್‌ಗೂ ನಡುವೆ ಉಗುರಿನಷ್ಟು ಸಂದಿ ಕಾಣುತ್ತಿತ್ತು. ಚ್ಯೂಯಿ ಎಂಬ ಮೆತ್ತನೆಯ ಉರುಳೆಯನ್ನು ಕಚ್ಚಿ ಕಚ್ಚಿ ಐದನೇ ದಿನಕ್ಕೆ ಕೂತಿತು.

ಆದರೂ ಅದೇ ಕೋರೆಹಲ್ಲು ಅಂದುಕೊಂಡಷ್ಟು ತಿರುಗಲಿಲ್ಲ. ದುಂಡನೆಯ ಹಲ್ಲನ್ನು ತಿರುಗಿಸುವುದು ಅಲೈನರ್‌ಗೆ ಕಷ್ಟವಂತೆ. ಮತ್ತೆ ಸ್ಕ್ಯಾನ್, ಮತ್ತೆ ಒಂಬತ್ತು ಟ್ರೇ. ಎಂಟು ತಿಂಗಳು ಅಂದದ್ದು ವರ್ಷ ದಾಟಿತು. ಇದನ್ನು ಶುರುವಿನಲ್ಲೇ ಕೇಳಿಕೊಳ್ಳಿ, ಹೆಚ್ಚುವರಿ ಟ್ರೇಗಳಿಗೆ ಬೇರೆ ದುಡ್ಡೇ ಎಂಬುದನ್ನೂ.

1997ರಲ್ಲಿ ಅಮೆರಿಕದಲ್ಲಿ ಅಲೈನ್ ಟೆಕ್ನಾಲಜಿ ಕಂಪನಿ ಕಟ್ಟಿದವರಲ್ಲೊಬ್ಬರಾದ ಜಿಯಾ ಚಿಶ್ತಿಯವರೂ ದೊಡ್ಡವರಾದ ಮೇಲೆ ಕ್ಲಿಪ್ ಹಾಕಿಸಿಕೊಂಡವರು. ರಿಟೇನರ್ ಬಿಟ್ಟರೆ ಹಲ್ಲು ಸರಿಯುವುದು, ಹಾಕಿದರೆ ಮರಳುವುದು ಅವರ ಗಮನಕ್ಕೆ ಬಂತಂತೆ. ಆ ಕಂಪನಿಯ ಅಲೈನರ್ ಇನ್ವಿಸಲೈನ್ ಹುಟ್ಟಿದ್ದು ಅಲ್ಲಿಂದ. ಓದಿದಾಗ ನನ್ನ ಹೈಸ್ಕೂಲಿನ ರಿಟೇನರ್ ನೆನಪಾಗಿ ಹೊಟ್ಟೆ ಚುರ್ ಅಂದಿತು.

ಈಗ ಕೆಳಹಲ್ಲುಗಳ ಹಿಂದೆ ಸಣ್ಣ ತಂತಿ ಅಂಟಿಸಿದ್ದಾರೆ, ಮೇಲಿನದಕ್ಕೆ ರಾತ್ರಿ ರಿಟೇನರ್. ಹೋದ ತಿಂಗಳು ಜ್ವರ ಬಂದು ಮೂರು ರಾತ್ರಿ ಹಾಕಿರಲಿಲ್ಲ. ನಾಲ್ಕನೇ ರಾತ್ರಿ ಹಾಕಿದಾಗ ಮುಂದಿನೆರಡು ಹಲ್ಲು ಬಿಗಿಯಾಗಿ ಜುಮ್ಮೆಂದವು. ಬೆಳಗಾಗುವಷ್ಟರಲ್ಲಿ ಸಡಿಲವಾಗಿತ್ತು.